ಹಾಸನದಿಂದ ಒಪೆರಾ, ಬ್ಯಾಲೆ ನೋಡಲು ಹೊರಡುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಹಾಸನ, ಸಕಲೇಶಪುರ, ಚನ್ನರಾಯಪಟ್ಟಣದ ಕಡೆಯಿಂದ ಯುರೋಪಿಗೆ ಹೋಗಿಬಂದವರ ಫೋನಿನಲ್ಲಿ ಒಂದು ಫೋಟೊ ಖಾಯಂ: ವಿಯೆನ್ನಾದ್ದೋ ಪ್ಯಾರಿಸ್‌ನದ್ದೋ ಒಪೆರಾ ಹೌಸ್ ಮುಂದೆ ಮನೆಮಂದಿಯೆಲ್ಲ ಸಾಲಾಗಿ ನಿಂತದ್ದು. ಒಪೆರಾ ಎಂದರೆ ಆರ್ಕೆಸ್ಟ್ರಾದ, ಅಂದರೆ ವಾದ್ಯವೃಂದದ ಜೊತೆ ಹಾಡಿನಲ್ಲೇ ನಡೆಯುವ ನಾಟಕ, ಬ್ಯಾಲೆ ಎಂದರೆ ಮಾತಿಲ್ಲದೆ ನೃತ್ಯದಲ್ಲೇ ಹೇಳುವ ಕಥೆ. ಒಳಗೆ ಹೋಗಿದ್ರಾ ಅಂತ ಕೇಳಿದರೆ ಸಿಗುವ ಉತ್ತರಗಳೂ ಖಾಯಂ. ಟಿಕೆಟ್ ಸಿಗಲಿಲ್ಲ. ನಾವು ಹೋದ ತಿಂಗಳು ಪ್ರದರ್ಶನವೇ ಇರಲಿಲ್ಲ. ಸಿಕ್ಕಿತು, ಆದರೆ ಅರ್ಧ ವೇದಿಕೆ ಕಾಣಲಿಲ್ಲ. ಎಲ್ಲ ಸರಿಯಿತ್ತು, ನಿದ್ದೆ ಬಂತು.

ಹಣ ಸಾಲದೆ ಕೆಟ್ಟ ಪ್ರಯಾಣ ಕಡಿಮೆ, ಕ್ರಮ ತಪ್ಪಿ ಕೆಟ್ಟದ್ದೇ ಹೆಚ್ಚು. ಎಲ್ಲರೂ ವಿಮಾನದ ಟಿಕೆಟ್‌ನಿಂದ ಶುರು ಮಾಡುತ್ತಾರೆ, ಆಮೇಲೆ ಹೋಟೆಲ್, ಆಮೇಲೆ ಊರು ಸುತ್ತುವ ಪಟ್ಟಿ, ಉಳಿದ ಸಂಜೆಗೆ ಒಪೆರಾ. ಇದನ್ನು ಬುಡಮೇಲು ಮಾಡಬೇಕು. ಕೃತಿ, ಕಿವಿ, ತಿಂಗಳು, ಊರು, ಪ್ರದರ್ಶನದ ಟಿಕೆಟ್, ವೀಸಾ, ವಿಮಾನ. ಈ ಸಾಲಿನಲ್ಲೇ ಹೋಗಿ.

ಕೈಗೆ ಬೇಕಾದ ಸಾಮಾನು

ಪಟ್ಟಿ ಚಿಕ್ಕದು. ಪಾಸ್‌ಪೋರ್ಟ್, ಒಳ್ಳೆಯ ಇಯರ್‌ಫೋನ್, ತೆಳು ಉಣ್ಣೆ ಶಾಲು, ಕಿರುಗುಟ್ಟದ ಶೂ, ವಿದೇಶಿ ವಹಿವಾಟಿಗೆ ತೆರೆದಿರುವ ಕಾರ್ಡ್, ಸಣ್ಣ ಬೈನಾಕ್ಯುಲರ್. ಬೈನಾಕ್ಯುಲರ್ 6 ಅಥವಾ 8 ಪಟ್ಟು ಹಿಗ್ಗಿಸಿದರೆ ಸಾಕು. ಹತ್ತಕ್ಕಿಂತ ಮೇಲೆ ಹೋದರೆ ಕೈಯ ಅಲುಗಾಟವೇ ದೊಡ್ಡದಾಗಿ ಕಾಣುತ್ತದೆ. ತೋಟದಲ್ಲಿ ಹಕ್ಕಿ ನೋಡಲು ಇಟ್ಟುಕೊಂಡಿರುವ ದಪ್ಪದ್ದನ್ನು ಹೊತ್ತೊಯ್ಯಬೇಡಿ, ಪಕ್ಕದವರ ಮೊಣಕೈಗೆ ಜಾಗ ಇರುವುದಿಲ್ಲ.

ಕಾರ್ಡ್ ವಿಷಯ ಸ್ವಲ್ಪ ಗಮನಿಸಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಆಫ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಹಿಂದಿನ ದಿನವೇ ಆನ್ ಮಾಡಿ, ಮಿತಿಯನ್ನೂ ಏರಿಸಿಕೊಳ್ಳಿ. ಟಿಕೆಟ್ ಆರಿಸಿದ ಮೇಲೆ ಸೀಟು ನಿಮ್ಮ ಹೆಸರಲ್ಲಿ ಉಳಿಯುವುದು ಕೆಲವೇ ನಿಮಿಷ. ಸಿಗ್ನಲ್‌ಗಾಗಿ ದಿಬ್ಬ ಹತ್ತಬೇಕಾದ ಎಸ್ಟೇಟ್ ಮನೆಯಲ್ಲಿ ಕೂತು ಬುಕ್ ಮಾಡಿದರೆ ಒಟಿಪಿ ಬರುವಷ್ಟರಲ್ಲಿ ಸೀಟು ಹೋಗಿರುತ್ತದೆ. ಆ ದಿನ ಪೇಟೆಗೆ ಬಂದುಬಿಡಿ.

1. ಒಂದು ಕೃತಿ ಆರಿಸಿ, ಒಂದೇ ಒಂದು

"ಯಾವುದಾದರೂ ಒಪೆರಾ" ನೋಡುತ್ತೇನೆ ಎಂದು ಹೋದವರೇ ನಿದ್ದೆ ಮಾಡಿದವರು. ಮೊದಲ ಸಲಕ್ಕೆ ನನ್ನ ಸಲಹೆ ಇಟಲಿಯ ಸಂಗೀತಕಾರ ಪುಚ್ಚೀನಿಯ ಒಪೆರಾ ಲಾ ಬೊಹೆಮ್. ನಾಲ್ಕು ಅಂಕ, ಯಾವುದೂ 40 ನಿಮಿಷ ದಾಟುವುದಿಲ್ಲ. ಬಾಡಿಗೆ ಕಟ್ಟಲಾಗದ ಹುಡುಗರು, ಚಳಿ, ಕ್ಷಯ ಹಿಡಿದ ಹುಡುಗಿ. ಕಥೆ ಅರ್ಥವಾಗಲು ಯುರೋಪಿನ ಚರಿತ್ರೆ ಗೊತ್ತಿರಬೇಕಿಲ್ಲ. ವೆರ್ದಿಯ ಲಾ ತ್ರಾವಿಯಾತಾ, ಬಿಝೆಯ ಕಾರ್ಮೆನ್ ಕೂಡ ನಡೆಯುತ್ತವೆ. ಮೊಝಾರ್ಟ್‌ನ ಮ್ಯಾಜಿಕ್ ಫ್ಲೂಟ್ ಸುಲಭ ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹಾಡುಗಳ ನಡುವೆ ಜರ್ಮನ್ ಮಾತು ಉದ್ದಕ್ಕೂ ಇದೆ, ಅಲ್ಲಿ ನಮ್ಮವರು ಕಳೆದುಹೋಗುತ್ತಾರೆ.

ಬ್ಯಾಲೆಗೆ ಜಿಝೆಲ್. ಎರಡೇ ಅಂಕ, ವಿರಾಮ ಸೇರಿ ಸುಮಾರು ಎರಡು ಗಂಟೆ. ಮೊದಲ ಅಂಕದಲ್ಲಿ ಹಳ್ಳಿ, ಎರಡನೆಯದರಲ್ಲಿ ಸ್ಮಶಾನ. ಸ್ವಾನ್ ಲೇಕ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಅದು ಉದ್ದ. ಒಂದೊಂದು ಕಂಪನಿ ಒಂದೊಂದು ಥರ ಮುಗಿಸುತ್ತದೆ, ಕೆಲವು ಕಡೆ ಜೋಡಿ ಸಾಯುತ್ತದೆ, ಕೆಲವು ಕಡೆ ಬದುಕುತ್ತದೆ. ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಎಚ್ಚರಿಕೆ ಎರಡು. ಜರ್ಮನಿಯ ಸಂಗೀತಕಾರ ವಾಗ್ನರ್‌ನ ಒಪೆರಾ ಬೇಡ. ಅವನ ಗಾಟರ್‌ಡಾಮೆರುಂಗ್ ವಿರಾಮ ಸೇರಿ ಐದು ಗಂಟೆ ಮೀರುತ್ತದೆ. ದಾಸ್ ರೈನ್‌ಗೋಲ್ಡ್ ಸುಮಾರು ಎರಡೂವರೆ ಗಂಟೆ ವಿರಾಮವೇ ಇಲ್ಲದೆ ಓಡುತ್ತದೆ. ಇನ್ನೊಂದು, "ಭಾರತದ ಕಥೆ ಇದೆಯಲ್ಲ" ಎಂಬ ಆಸೆಗೆ ಬೀಳಬೇಡಿ. ಒಪೆರಾ ಲಾಕ್ಮೆ (1883) ಮತ್ತು ಬ್ಯಾಲೆ ಲಾ ಬಯಾದೇರ್ (1877) ಎರಡೂ ಭಾರತದಲ್ಲಿ ನಡೆಯುತ್ತವೆ, ಆದರೆ ಅಲ್ಲಿನ ಪುರೋಹಿತರನ್ನೂ ದೇವಾಲಯವನ್ನೂ ನೋಡಿ ನಗುತ್ತಾ ಕೂತರೆ ಸಂಗೀತ ಕೈತಪ್ಪುತ್ತದೆ. ಅಮೆರಿಕದ ಫಿಲಿಪ್ ಗ್ಲಾಸ್‌ನ ಒಪೆರಾ ಸತ್ಯಾಗ್ರಹ (1980) ಭಗವದ್ಗೀತೆಯ ಸಂಸ್ಕೃತದಲ್ಲೇ ಇದೆ, ನಿಜ. ಒಂದೊಂದು ಪದವನ್ನೂ ಅಷ್ಟುದ್ದ ಎಳೆದು, ಅಷ್ಟು ಸಲ ತಿರುವಿ ಹಾಡುವಾಗ ಗೀತೆ ಬಾಯಿಪಾಠ ಇದ್ದವರಿಗೂ ಶ್ಲೋಕ ಗುರುತು ಹತ್ತುವುದು ಕಷ್ಟ. ಕಿವಿ ಪಳಗಿದ ಮೇಲೆ ಅದರಷ್ಟು ಒಳ್ಳೆಯದು ಇಲ್ಲ, ಮೊದಲ ಸಲಕ್ಕಲ್ಲ.

2. ಮನೆಯಲ್ಲೇ ಕಿವಿ ಪಳಗಿಸಿ

ಇದನ್ನು ಬಿಟ್ಟರೆ ಮುಂದಿನ ಹಂತಗಳೆಲ್ಲ ವ್ಯರ್ಥ. ಕನಿಷ್ಠ ಒಂದು ತಿಂಗಳು ಕೊಡಿ.

ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕಕ್ಕೆ ಬರುವವರು ದುರ್ಯೋಧನ ಗೆಲ್ಲುತ್ತಾನೋ ಇಲ್ಲವೋ ಎಂದು ನೋಡಲು ಬರುವುದಿಲ್ಲ. ಕಥೆ ಗೊತ್ತು, ಪದ್ಯವೂ ಗೊತ್ತು. ಈ ಊರಿನ ದುರ್ಯೋಧನ ಆ ಪದ್ಯವನ್ನು ಹೇಗೆ ಎತ್ತುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಎಲ್ಲಿ ಹಿಡಿಯುತ್ತಾರೆ, ಅದಕ್ಕೆ ಬರುವುದು. ಒಪೆರಾ ನೋಡುಗರೂ ಹಾಗೆಯೇ ಬರುತ್ತಾರೆ. ಪದ್ಯ ಗೊತ್ತಿಲ್ಲದೆ ಹೋಗಿ ಕೂತರೆ ನೀವೊಬ್ಬರೇ ಹೊರಗಿನವರು.

ಕ್ರಮ ಹೀಗೆ. ಮೊದಲು ಕಥೆಯನ್ನು ಅಂತ್ಯದವರೆಗೆ ಓದಿ. ಗುಟ್ಟು ಉಳಿಸಿಕೊಳ್ಳುವ ಅಗತ್ಯವಿಲ್ಲ. ಆಮೇಲೆ ಸಬ್‌ಟೈಟಲ್ ಇಟ್ಟುಕೊಂಡು ದಿನಕ್ಕೊಂದು ಅಂಕದಂತೆ ನೋಡಿ. ಯುರೋಪಿನ ಹಲವು ಒಪೆರಾ ಹೌಸ್‌ಗಳು ಸೇರಿ ನಡೆಸುವ ಒಪೆರಾವಿಷನ್‌ನಲ್ಲಿ ಪೂರ್ತಿ ಪ್ರದರ್ಶನಗಳು ಇಂಗ್ಲಿಷ್ ಸಬ್‌ಟೈಟಲ್ ಸಹಿತ ಪುಕ್ಕಟೆ ಸಿಗುತ್ತವೆ, ಯೂಟ್ಯೂಬ್‌ನಲ್ಲೂ ಇವೆ. ಕೆಲವು ತಿಂಗಳ ನಂತರ ತೆಗೆದುಬಿಡುತ್ತಾರೆ, ಹಾಗಾಗಿ "ಆಮೇಲೆ ನೋಡೋಣ" ಅನ್ನಬೇಡಿ. ಹಣ ಕೊಡುವುದಾದರೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ತನ್ನ ಸಂಗ್ರಹವನ್ನು ತಿಂಗಳ ಚಂದಾಕ್ಕೆ ತೋರಿಸುತ್ತದೆ. ಮೂರನೆಯದಾಗಿ, ತೆರೆ ಆಫ್ ಮಾಡಿ ಬರೀ ಕೇಳಿ. ಅಡಿಗೆ ಮಾಡುತ್ತಾ, ಬೇಲೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಾ, ಹೇಗಾದರೂ. ಒಂದೊಂದು ಅಂಕದಿಂದ ಒಂದು ಹಾಡು ಬಾಯಿಗೆ ಬರಬೇಕು, ತಪ್ಪುತಪ್ಪಾಗಿಯಾದರೂ.

ಇದು ಏಕೆ ಬೇಕು ಎಂಬುದಕ್ಕೆ ಲಾ ಬೊಹೆಮ್ ಒಂದೇ ಸಾಕು. ಮೊದಲ ಅಂಕದಲ್ಲಿ ಕತ್ತಲಲ್ಲಿ ಬೀಗದಕೈ ಹುಡುಕುವಾಗ ನಾಯಕ ರೊಡಾಲ್ಫೋ ನಾಯಕಿ ಮಿಮಿಯ ಕೈ ಹಿಡಿದು, ಎಷ್ಟು ತಣ್ಣಗಿದೆ ಎಂದು ಹಾಡುತ್ತಾನೆ. ನಾಲ್ಕನೇ ಅಂಕದಲ್ಲಿ ಅವಳು ಸಾಯುತ್ತಾ ಮಲಗಿರುವಾಗ ಅದೇ ರಾಗದ ತುಣುಕು ಮರಳಿ ಬರುತ್ತದೆ. ಗುರುತು ಹಿಡಿದವರು ಕರವಸ್ತ್ರ ತೆಗೆಯುತ್ತಾರೆ. ಹಿಡಿಯದವರಿಗೆ ಮಂಚದ ಮೇಲೆ ಒಬ್ಬಳು ಕೆಮ್ಮುತ್ತಿರುವುದಷ್ಟೇ ಕಾಣುತ್ತದೆ.

ಬ್ಯಾಲೆಗೆ ಕಿವಿಯ ಜೊತೆ ಕಣ್ಣಿಗೂ ಪಾಠ ಬೇಕು. ಭರತನಾಟ್ಯ ನೋಡಿ ಬೆಳೆದವರು ಪ್ರತಿ ಕೈಚಲನೆಗೂ ಅರ್ಥ ಹುಡುಕುತ್ತಾರೆ, ಸುಸ್ತಾಗುತ್ತಾರೆ. ಬ್ಯಾಲೆಯಲ್ಲಿ ಬಹುಪಾಲು ಕೈಚಲನೆಗೆ ಪದಾರ್ಥವಿಲ್ಲ. ಅರ್ಥವಿರುವ ಅಭಿನಯ ಕೆಲವೇ ಕಡೆ ಬರುತ್ತದೆ, ಅದನ್ನು ಮೊದಲೇ ಕಲಿತುಬಿಡಿ: ತಲೆಯ ಮೇಲೆ ಎರಡು ಕೈ ಸುತ್ತಿಸಿದರೆ ನೃತ್ಯ, ಉಂಗುರದ ಬೆರಳು ತೋರಿಸಿದರೆ ಮದುವೆ, ಎರಡು ಬೆರಳೆತ್ತಿದರೆ ಆಣೆ, ಮಣಿಕಟ್ಟುಗಳನ್ನು ಮುಂದೆ ಅಡ್ಡಹಾಕಿ ಕೆಳಗಿಳಿಸಿದರೆ ಸಾವು. ಜಿಝೆಲ್‌ನ ಮೊದಲ ಅಂಕದಲ್ಲಿ ಅವಳ ತಾಯಿ, ಮದುವೆಗೆ ಮುಂಚೆ ಸತ್ತ ಹುಡುಗಿಯರು ದೆವ್ವವಾಗುವ ಕಥೆಯನ್ನು ಇಂಥ ಸನ್ನೆಗಳಲ್ಲೇ ಹೇಳುತ್ತಾಳೆ. ಅಲ್ಲಿ ತಪ್ಪಿದರೆ ಎರಡನೇ ಅಂಕ ಏಕೆ ಹಾಗಿದೆ ಎಂದು ತಿಳಿಯದು.

ಈ ಹಂತ ಮುಗಿದಿದೆ ಎನ್ನಲು ಗುರುತು: ಯಾವುದೋ ಕೆಲಸದಲ್ಲಿದ್ದಾಗ ರಾಗ ತಾನಾಗಿ ಬಾಯಿಗೆ ಬರುವುದು. ಒಂದು ತಿಂಗಳ ನಂತರವೂ ಬೇಸರವೇ ಆಗುತ್ತಿದ್ದರೆ ಕೃತಿ ಬದಲಿಸಿ. ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೆ ತಿಳಿಯುವುದಕ್ಕಿಂತ ಈಗ ತಿಳಿದರೆ ಲೇಸು.

3. ಮುಂಬೈಯಲ್ಲಿ ಒಂದು ತಾಲೀಮು

ಇದನ್ನು ಬಿಟ್ಟುಬಿಡಬಹುದು, ಆದರೆ ಬಿಡದಿದ್ದರೆ ಒಳ್ಳೆಯದು. ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದ ಪರ್ಫಾರ್ಮಿಂಗ್ ಆರ್ಟ್ಸ್) ಮೆಟ್ರೊಪಾಲಿಟನ್ ಒಪೆರಾದ ಪ್ರದರ್ಶನಗಳನ್ನು ದೊಡ್ಡ ತೆರೆಯ ಮೇಲೆ ತೋರಿಸುತ್ತಾ ಬಂದಿದೆ. ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ನೆಲೆಯೂ ಅದೇ. ಗಿರ್‌ಗಾಂವ್‌ನ ರಾಯಲ್ ಒಪೆರಾ ಹೌಸ್‌ಗೆ ಚರ್ನಿ ರೋಡ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಅಲ್ಲಿ ನಡೆಯುವುದೆಲ್ಲ ಒಪೆರಾ ಅಲ್ಲ, ಕಾರ್ಯಕ್ರಮ ನೋಡಿಕೊಂಡು ಹೋಗಿ.

ಹಾಸನದವರು ಅರಸೀಕೆರೆಗೆ ಹೋಗಿ ದಾದರ್ ಕಡೆಯ ರೈಲು ಹಿಡಿಯಬಹುದು. ಅದು ವಾರದ ಎಲ್ಲ ದಿನವೂ ಇಲ್ಲ. ಪ್ರದರ್ಶನದ ದಿನಕ್ಕೆ ರೈಲು ಹೊಂದದಿದ್ದರೆ ಬೆಂಗಳೂರಿನಿಂದ ವಿಮಾನ. ಪ್ರದರ್ಶನದ ದಿನ ಬೆಳಿಗ್ಗೆ ಮುಂಬೈಗೆ ಇಳಿಯುವ ಲೆಕ್ಕ ಹಾಕಬೇಡಿ, ಹಿಂದಿನ ದಿನವೇ ಇರಿ.

ಮುಂಬೈಗಾಗಲಿ ಬೆಂಗಳೂರಿಗಾಗಲಿ ಬರುವ ಪ್ರವಾಸಿ ಬ್ಯಾಲೆ ತಂಡಗಳ ಬಗ್ಗೆ ಒಂದು ಮಾತು. ಪೋಸ್ಟರಿನಲ್ಲಿ "ರಾಯಲ್", "ಇಂಪೀರಿಯಲ್", "ರಷ್ಯನ್" ಎಂಬ ದೊಡ್ಡ ಪದಗಳಿದ್ದು, ಮುಖ್ಯ ಕಲಾವಿದರ ಹೆಸರಾಗಲಿ ಆರ್ಕೆಸ್ಟ್ರಾದ ಹೆಸರಾಗಲಿ ಇಲ್ಲದಿದ್ದರೆ ಸಂಗೀತ ಧ್ವನಿಮುದ್ರಿಕೆ ಎಂದೇ ತಿಳಿಯಿರಿ. ಅದೂ ನೋಡಲು ಅಡ್ಡಿಯಿಲ್ಲ, ಆದರೆ ಆರ್ಕೆಸ್ಟ್ರಾ ಸಹಿತ ಪ್ರದರ್ಶನದ ಬೆಲೆ ಕೊಡಬೇಡಿ.

4. ತಿಂಗಳು ನೋಡಿ: ತೋಟದ ಬಿಡುವು, ಒಪೆರಾದ ಬಿಡುವು

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಕಾಫಿ ಬೆಳೆಗಾರರಿಗೆ ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಅರೇಬಿಕಾ, ರೊಬಸ್ಟಾ ಕುಯ್ಲು. ಆಮೇಲೆ ಹೂಮಳೆಯ ಚಿಂತೆ. ಮಳೆಗಾಲ ಹಿಡಿದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಕೈ ಬಿಡುವಾಗುತ್ತದೆ, ಟಿಕೆಟ್ ತೆಗೆಸುತ್ತಾರೆ. ವಿಯೆನ್ನಾದ ದೊಡ್ಡ ಒಪೆರಾ ಹೌಸ್ ಸ್ಟಾಟ್ಸ್‌ಓಪರ್ ಜುಲೈ, ಆಗಸ್ಟ್ ಬಾಗಿಲು ಹಾಕಿರುತ್ತದೆ. ಲಂಡನ್, ಪ್ಯಾರಿಸ್ ಜುಲೈ ನಡುವಿಗೆ ಮುಗಿಸುತ್ತವೆ. ಹೊರಗಿನಿಂದ ಫೋಟೊ ತೆಗೆಸಿಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಈ ಎರಡು ತಿಂಗಳಲ್ಲಿ ಹೋದವರು ಎಂದು ನನ್ನ ಅಂದಾಜು.

ಯುರೋಪಿನ ಸೀಸನ್ ಸೆಪ್ಟೆಂಬರ್‌ನಿಂದ ಜೂನ್. ಮಿಲಾನಿನ ಲಾ ಸ್ಕಾಲಾ ಮಾತ್ರ ತನ್ನ ಸೀಸನ್ನನ್ನು ಡಿಸೆಂಬರ್ 7ರಂದು ತೆರೆಯುತ್ತದೆ. ಆ ಸಂಜೆಯ ಟಿಕೆಟ್‌ಗೆ ಕೈ ಹಾಕಬೇಡಿ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಮ್ಮ ಜಿಲ್ಲೆಯವರಿಗೆ ಹೊಂದುವ ಕಾಲ ಎರಡು: ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮೊದಲನೆಯದಕ್ಕೆ ಶಾಲೆಯ ರಜೆಯೂ ಸೇರುತ್ತದೆ. ಎರಡನೆಯದರಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳನ್ನು ಮೊದಲು ನೋಡಿಕೊಳ್ಳಿ. ವರ್ಷಕ್ಕೊಮ್ಮೆ ತೆರೆಯುವ ಗುಡಿಯನ್ನು ಬಿಟ್ಟು ಹೊರಟರೆ ಮನೆಯಲ್ಲಿ ಒಪೆರಾ ಶುರುವಾಗುತ್ತದೆ.

ಮಳೆಗಾಲ ಬಿಟ್ಟರೆ ಬೇರೆ ಬಿಡುವೇ ಇಲ್ಲ ಎನ್ನುವವರಿಗೂ ದಾರಿ ಇದೆ, ಅದು ಬೇಸಿಗೆ ಉತ್ಸವಗಳು. ಇಟಲಿಯ ವೆರೋನಾದ ಅರೆನಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಆರಂಭದವರೆಗೆ ಬಯಲಿನಲ್ಲಿ ಒಪೆರಾ ನಡೆಯುತ್ತದೆ. ಅಗ್ಗದ ಜಾಗವೆಂದರೆ ಕಲ್ಲಿನ ಮೆಟ್ಟಿಲು, ದಿಂಬು ಬೇಕೇಬೇಕು. ಪ್ರದರ್ಶನ ಶುರುವಾದ ಮೇಲೆ ಮಳೆ ಬಂದು ನಿಂತರೆ ಹಣ ವಾಪಸ್ ಇಲ್ಲ. ಆಸ್ಟ್ರಿಯಾದ ಬ್ರೆಗೆಂಝ್‌ನಲ್ಲಿ ಸರೋವರದ ಮೇಲೆ ವೇದಿಕೆ ಕಟ್ಟುತ್ತಾರೆ, ನೋಟ ಭರ್ಜರಿ. ಆದರೆ ಅಲ್ಲಿ ಧ್ವನಿವರ್ಧಕ ಬಳಸುತ್ತಾರೆ. ಮೈಕ್ ಇಲ್ಲದ ಗಂಟಲು ಆರ್ಕೆಸ್ಟ್ರಾವನ್ನು ದಾಟಿ ನಿಮ್ಮ ತನಕ ಬರುವುದನ್ನು ಕೇಳಲು ಹೋಗುವವರಿಗೆ ಅದು ಸರಿಹೋಗದು. ಝಾಲ್ಸ್‌ಬುರ್ಗ್ ಉತ್ಸವ ಜುಲೈ ಕೊನೆಯಿಂದ ಆಗಸ್ಟ್ ಕೊನೆ, ದುಬಾರಿ.

5. ಊರು ಆರಿಸಿ, ಕಟ್ಟಡವನ್ನೂ ಆರಿಸಿ

ಮೊದಲ ಸಲಕ್ಕೆ ವಿಯೆನ್ನಾ. ಕಾರಣ ಸರಳ: ಸೀಸನ್ನಿನಲ್ಲಿ ಹೆಚ್ಚುಕಡಿಮೆ ಪ್ರತಿ ಸಂಜೆಯೂ ಪ್ರದರ್ಶನ, ಅದೂ ದಿನಕ್ಕೊಂದು ಬದಲಾಗುತ್ತದೆ. ನಾಲ್ಕು ದಿನ ಇದ್ದರೆ ಒಂದು ಬ್ಯಾಲೆ, ಎರಡು ಒಪೆರಾ ನೋಡಬಹುದು. ಬೇರೆ ಹಲವು ಊರುಗಳಲ್ಲಿ ಪ್ರದರ್ಶನಗಳ ನಡುವೆ ಖಾಲಿ ಸಂಜೆಗಳು ಬೀಳುತ್ತವೆ.

ಊರು ಸರಿಯಾಗಿ ಆರಿಸಿ ಕಟ್ಟಡ ತಪ್ಪುವವರೂ ಇದ್ದಾರೆ. ಪ್ಯಾರಿಸ್ ಒಪೆರಾಗೆ ಎರಡು ಮನೆ: ಪಾಲೆ ಗಾರ್ನಿಯೆ ಮತ್ತು ಬಾಸ್ತೀಯ್. ಎರಡಕ್ಕೂ ಒಂದೇ ಸಂಸ್ಥೆ, ಒಂದೇ ವೆಬ್‌ಸೈಟ್. ಫೋಟೊದಲ್ಲಿ ನೋಡಿದ ಚಿನ್ನದ ಕಟ್ಟಡ ಗಾರ್ನಿಯೆ, ಆದರೆ ದೊಡ್ಡ ಒಪೆರಾಗಳು ಹೆಚ್ಚಾಗಿ ನಡೆಯುವುದು ಬಾಸ್ತೀಯ್‌ನಲ್ಲಿ. ಸಂಜೆ ಏಳು ಗಂಟೆಗೆ ತಪ್ಪು ಮೆಟ್ರೊ ಸ್ಟೇಷನ್‌ನಲ್ಲಿ ಇಳಿದವರು ಮೊದಲ ಅಂಕ ಕಳೆದುಕೊಳ್ಳುತ್ತಾರೆ. ಬರ್ಲಿನ್‌ನಲ್ಲಿ ಮೂರು ಬೇರೆಬೇರೆ ಒಪೆರಾ ಸಂಸ್ಥೆಗಳಿವೆ. ವಿಯೆನ್ನಾದಲ್ಲಿ ಸ್ಟಾಟ್ಸ್‌ಓಪರ್ ಅಲ್ಲದೆ ಫೋಕ್ಸ್‌ಓಪರ್ ಇದೆ. ಲಂಡನ್‌ನಲ್ಲಿ ಕಾವೆಂಟ್ ಗಾರ್ಡನ್‌ನ ರಾಯಲ್ ಒಪೆರಾ ಹೌಸ್ ಮೂಲ ಭಾಷೆಯಲ್ಲಿ ಹಾಡಿಸುತ್ತದೆ, ಇಂಗ್ಲಿಷ್ ನ್ಯಾಷನಲ್ ಒಪೆರಾ ಇಂಗ್ಲಿಷ್‌ನಲ್ಲಿ. ಇಟಾಲಿಯನ್ನಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿ ಇಂಗ್ಲಿಷ್ ಕೇಳಿದರೆ ಪೆಚ್ಚಾಗುತ್ತೀರಿ.

ಕಾರ್ಯಕ್ರಮದ ಪುಟದಲ್ಲಿ ಇನ್ನೆರಡು ವಿಷಯ ನೋಡಿ. "ಕನ್ಸರ್ಟ್ ಪರ್ಫಾರ್ಮೆನ್ಸ್" ಎಂದಿದ್ದರೆ ಸೆಟ್, ವೇಷ, ಅಭಿನಯ ಇಲ್ಲ, ಗಾಯಕರು ನಿಂತು ಹಾಡುತ್ತಾರೆ. ಮತ್ತೆ ಆ ನಿರ್ಮಾಣದ ಫೋಟೊಗಳನ್ನು ನೋಡಿ. ಜರ್ಮನ್ ಭಾಷೆಯ ಊರುಗಳಲ್ಲಿ ನಿರ್ದೇಶಕರು ಕಥೆಯನ್ನು ಆಸ್ಪತ್ರೆಗೋ ಕಾರ್ಖಾನೆಗೋ ಒಯ್ದಿರುತ್ತಾರೆ. ನನಗೆ ಅದು ಕೆಲವೊಮ್ಮೆ ಇಷ್ಟ, ಆದರೆ ಮೊದಲ ಸಲ ಹೋಗುವವರು ಬಯಸುವುದು ಮೇಣದಬತ್ತಿ, ಉದ್ದ ಗೌನು. ಫೋಟೊದಲ್ಲಿ ಟ್ಯೂಬ್‌ಲೈಟ್ ಕಂಡರೆ ಬೇರೆ ದಿನ ಹುಡುಕಿ.

6. ಪ್ರದರ್ಶನದ ಟಿಕೆಟ್

ಒಪೆರಾ ಹೌಸ್‌ನ ಸ್ವಂತ ವೆಬ್‌ಸೈಟ್‌ನಲ್ಲೇ ಕೊಳ್ಳಿ. ಹುಡುಕಿದಾಗ ಮೇಲೆಯೇ ಬರುವ, ಒಪೆರಾ ಹೌಸ್ ಹೆಸರನ್ನೇ ಹೋಲುವ ಮರುಮಾರಾಟದ ತಾಣಗಳಲ್ಲಿ ಬೆಲೆ ಎರಡು ಮೂರು ಪಟ್ಟು. ಗುರುತು: ಸೀಟಿನ ನಂಬರ್ ತೋರಿಸುವುದಿಲ್ಲ, "ಎ ದರ್ಜೆ", "ಬಿ ದರ್ಜೆ" ಅಂತಷ್ಟೇ ಇರುತ್ತದೆ.

ಟಿಕೆಟ್ ಮಾರಾಟ ಯಾವ ದಿನ ಆರಂಭ ಎಂಬುದನ್ನು ಪ್ರತಿ ಸಂಸ್ಥೆಯೂ ಮೊದಲೇ ಪ್ರಕಟಿಸುತ್ತದೆ. ಸಮಯವನ್ನು ನಮ್ಮ ಗಡಿಯಾರಕ್ಕೆ ತಿರುಗಿಸುವಾಗ ತಪ್ಪುವವರು ಬಹಳ. ವಿಯೆನ್ನಾದ ಬೆಳಿಗ್ಗೆ 10 ಎಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ. ಆ ದಿನಗಳ ಆಸುಪಾಸಿನಲ್ಲಿ ಎರಡು ಸಲ ಲೆಕ್ಕ ಹಾಕಿ.

ಸೀಟು ಆರಿಸುವುದರಲ್ಲಿ ದುಬಾರಿಯೇ ಉತ್ತಮ ಎಂಬ ಭ್ರಮೆ ಬೇಡ. ಹಳೆಯ ಒಪೆರಾ ಹೌಸ್‌ಗಳು ಕುದುರೆಲಾಳದ ಆಕಾರದವು. ಬದಿಯ ಬಾಕ್ಸ್‌ಗಳಲ್ಲಿ, ಅಂದರೆ ಗೋಡೆಗಂಟಿದ ಸಣ್ಣ ಕೋಣೆಯಂಥ ಜಾಗಗಳಲ್ಲಿ, ಮುಂದಿನ ಸಾಲಿನವರಿಗೆ ಮಾತ್ರ ವೇದಿಕೆ ಕಾಣುತ್ತದೆ. ಹಿಂದಿನ ಕುರ್ಚಿಯವರು ಎದ್ದು ನಿಂತು ಕತ್ತು ಉದ್ದ ಮಾಡಬೇಕು. ಟಿಕೆಟ್ ಪುಟದಲ್ಲಿ "ಭಾಗಶಃ ನೋಟ", "ಸೀಮಿತ ನೋಟ" ಎಂಬರ್ಥದ ಟಿಪ್ಪಣಿ ಇದ್ದರೆ ಅದನ್ನು ನಂಬಿ. ಒಪೆರಾಗೆ ಮೇಲಿನ ಬಾಲ್ಕನಿಯ ನಡುಭಾಗ ಒಳ್ಳೆಯದು. ಶಬ್ದ ಅಲ್ಲಿಗೆ ಚೆನ್ನಾಗಿ ಏರುತ್ತದೆ, ಬೆಲೆಯೂ ಕಡಿಮೆ. ಬ್ಯಾಲೆಗೆ ಕೆಳಗಿನ ಮೊದಲ ಸಾಲುಗಳನ್ನು ಬಿಟ್ಟುಬಿಡಿ, ಕಾಲೇ ಕಾಣುವುದಿಲ್ಲ! ಮೇಲಿಂದ ನೋಡಿದರೆ ಹಂಸಗಳ ಸಾಲು ಸೇರಿ ಬಿಚ್ಚುವ ವಿನ್ಯಾಸ ಕಾಣುತ್ತದೆ.

ವಿಯೆನ್ನಾದಲ್ಲಿ ನಿಂತು ನೋಡುವ ಜಾಗಗಳಿವೆ, ನೂರಾರು, ಬಹಳ ಅಗ್ಗ. ಅವನ್ನು ಪ್ರದರ್ಶನದ ದಿನವೇ ಮಾರುತ್ತಾರೆ. ಒಳಗೆ ಹೋದ ಮೇಲೆ ನಿಮ್ಮ ಮುಂದಿನ ಕಂಬಿಗೆ ಶಾಲು ಕಟ್ಟಿ ಹೊರಗೆ ಬರಬಹುದು. ಶಾಲು ಇದ್ದಲ್ಲಿ ಯಾರೂ ನಿಲ್ಲುವುದಿಲ್ಲ. ಮಂಡಿನೋವಿನವರಿಗೆ ಇದು ಬೇಡ. ಉಳಿದವರಿಗೂ ಮೊದಲ ಸಂಜೆಗೆ ಕೂರುವ ಸೀಟು, ಎರಡನೆಯದಕ್ಕೆ ನಿಲ್ಲುವ ಜಾಗ ಎಂದು ಹಂಚಿಕೊಳ್ಳುವಂತೆ ಹೇಳುತ್ತೇನೆ.

ಸ್ಟಾಟ್ಸ್‌ಓಪರ್ ಸುತ್ತಮುತ್ತ ಬಿಳಿ ವಿಗ್, ಕೆಂಪು ಕೋಟು ಹಾಕಿಕೊಂಡು ಮೊಝಾರ್ಟ್ ವೇಷದಲ್ಲಿ ಟಿಕೆಟ್ ಮಾರುವವರು ಅಡ್ಡಹಾಕುತ್ತಾರೆ. ಅವರು ಮಾರುವುದು ಪ್ರವಾಸಿಗರಿಗಾಗಿ ನಡೆಸುವ ಬೇರೆ ಸಂಗೀತ ಕಛೇರಿಗಳನ್ನು, ಆ ಸಂಜೆಯ ಒಪೆರಾವನ್ನಲ್ಲ. ಇಂಥ ಟಿಕೆಟ್ ಕೊಂಡು ಬಂದು "ಒಪೆರಾ ನೋಡಿದೆವು" ಎನ್ನುವವರು ನಮ್ಮಲ್ಲೂ ಇದ್ದಾರೆ.

ಟಿಕೆಟ್ ಸಿಗದೇ ಹೋದರೆ? ವಿಯೆನ್ನಾದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತು ಸೆಪ್ಟೆಂಬರ್‌ನಲ್ಲಿ ಆಯ್ದ ಸಂಜೆಗಳಂದು ಒಳಗಿನ ಪ್ರದರ್ಶನವನ್ನು ಪಕ್ಕದ ಚೌಕದ ದೊಡ್ಡ ತೆರೆಯಲ್ಲಿ ನೇರ ತೋರಿಸುತ್ತಾರೆ, ಕುರ್ಚಿ ಪುಕ್ಕಟೆ.

7. ವೀಸಾ, ವಿಮಾನ, ಹಾಸನದಿಂದ ಹೊರಡುವುದು

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯೆಂದರೆ 15 ದಿನ ಮುಂಚೆ. ಆ ಕೊನೆಯನ್ನು ನಂಬಿ ಕೂರಬೇಡಿ, ಬೆಂಗಳೂರಿನ ಕೇಂದ್ರದಲ್ಲಿ ದಿನ ಸಿಗುವುದೇ ಕಷ್ಟ. ಹೆಚ್ಚು ರಾತ್ರಿ ಯಾವ ದೇಶದಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಬೇಕು. ಪಾಸ್‌ಪೋರ್ಟ್ ಅವಧಿ ನೀವು ವಾಪಸಾಗುವ ದಿನದ ನಂತರ ಇನ್ನೂ ಮೂರು ತಿಂಗಳಾದರೂ ಇರಬೇಕು. ಲಂಡನ್‌ಗೆ ಈ ವೀಸಾ ನಡೆಯುವುದಿಲ್ಲ, ಅದು ಬೇರೆ.

ವೀಸಾ ಬರುವ ಮುಂಚೆ ಒಪೆರಾ ಟಿಕೆಟ್ ಕೊಳ್ಳುವುದು ಜೂಜಲ್ಲವೇ? ಹೌದು, ಸಣ್ಣ ಜೂಜು. ಅದಕ್ಕೇ ಮಧ್ಯಮ ಬೆಲೆಯದ್ದನ್ನು ಕೊಳ್ಳಿ. ಹಣ ವಾಪಸ್ ಕೊಡುವ ಹೋಟೆಲ್ ಹಿಡಿಯಿರಿ, ವಿಮಾನವನ್ನು ಕೊನೆಗೆ ಬಿಡಿ. ಅರ್ಜಿಯ ಜೊತೆ ಒಪೆರಾ ಟಿಕೆಟ್‌ನ ಪ್ರತಿ ಇಟ್ಟರೆ ಯಾಕೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆಗೆ ಉತ್ತರವೂ ಆಯಿತು.

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಸ್ವಂತ ಗಾಡಿಯಾದರೆ ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ತಿರುಗಿ. ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಬಸ್ಸಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ವಾಯು ವಜ್ರ. ಮಂಗಳೂರಿನಿಂದ ವಿಮಾನ ಅಗ್ಗ ಎಂದು ಮಳೆಗಾಲದಲ್ಲಿ ಆ ಕಡೆ ಹೋಗಬೇಡಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ವಿಮಾನವೂ ಹೋಯಿತು, ಒಪೆರಾವೂ ಹೋಯಿತು.

ತಲುಪಿದ ಸಂಜೆಯೇ ಪ್ರದರ್ಶನ ಇಟ್ಟುಕೊಳ್ಳಬಾರದು. ವಿಯೆನ್ನಾದಲ್ಲಿ ಬೇಸಿಗೆಯ ಸಂಜೆ 7ಕ್ಕೆ ತೆರೆ ಏಳುವಾಗ ನಿಮ್ಮ ಮೈಗೆ ರಾತ್ರಿ 10.30. ಕೊನೆಯ ಅಂಕದ ಹೊತ್ತಿಗೆ ಮಧ್ಯರಾತ್ರಿ ದಾಟಿ ಒಂದು ಗಂಟೆ. ಯಾರಿಗೆ ನಿದ್ದೆ ಬರುವುದಿಲ್ಲ? ಒಂದು ಪೂರ್ತಿ ದಿನ ಬಿಟ್ಟು ಎರಡನೇ ಸಂಜೆಗೆ ಇಟ್ಟುಕೊಳ್ಳಿ.

8. ಪ್ರದರ್ಶನದ ದಿನ

ಊರು ಸುತ್ತುವುದನ್ನು ಮಧ್ಯಾಹ್ನಕ್ಕೆ ನಿಲ್ಲಿಸಿ. ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಅರಮನೆ, ಸಂಜೆ ಒಪೆರಾ ಎಂದು ಪಟ್ಟಿ ಮಾಡಿಕೊಂಡವರು ಒಪೆರಾದಲ್ಲಿ ಕಾಲು ಒತ್ತಿಕೊಳ್ಳುತ್ತಾ ಕೂರುತ್ತಾರೆ. ಎರಡು ಗಂಟೆ ಮಲಗಿ ಎದ್ದು, ಹೊಟ್ಟೆ ತುಂಬ ಅಲ್ಲದಿದ್ದರೂ ಮುಕ್ಕಾಲು ಭಾಗ ತಿಂದು ಹೊರಡಿ. ಸಭಾಂಗಣದೊಳಗೆ ತಿನ್ನುವಂತಿಲ್ಲ. ವಿರಾಮದಲ್ಲಿ ಸಿಗುವುದು ಹೆಚ್ಚಾಗಿ ಮೀನು ಮಾಂಸ ಇಟ್ಟ ಸಣ್ಣ ಬ್ರೆಡ್ಡು, ಅದಕ್ಕೂ ಉದ್ದ ಸಾಲು. ಸಸ್ಯಾಹಾರಿಗಳು ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ.

ಉಡುಪಿನ ಬಗ್ಗೆ ಅತಿ ಚಿಂತೆ ಬೇಡ. ಸೂಟು ಹೊಲಿಸಬೇಕಿಲ್ಲ. ರೇಷ್ಮೆ ಸೀರೆ ಯಾವ ಒಪೆರಾ ಹೌಸ್‌ಗೂ ಸಲ್ಲುತ್ತದೆ. ಗಂಡಸರಿಗೆ ಒಳ್ಳೆಯ ಪ್ಯಾಂಟು, ಕಾಲರ್ ಇರುವ ಅಂಗಿ, ಗಾಢ ಬಣ್ಣದ ಕೋಟು ಸಾಕು. ಚಡ್ಡಿ, ಹವಾಯಿ ಚಪ್ಪಲಿ ಕೂಡದು.

ತೆರೆ ಏಳುವ 45 ನಿಮಿಷ ಮುಂಚೆ ಬಾಗಿಲಲ್ಲಿರಿ. ಮೇಲಂಗಿ, ಬೆನ್ನಚೀಲಗಳನ್ನು ಕೌಂಟರಿನಲ್ಲಿ ಕೊಟ್ಟು ಟೋಕನ್ ಪಡೆಯಬೇಕು, ಅಲ್ಲೂ ಸಾಲು. ಸಮಯಕ್ಕೆ ಸರಿಯಾಗಿ ಬಾಗಿಲು ಮುಚ್ಚುತ್ತಾರೆ. ಐದು ನಿಮಿಷ ತಡವಾದರೂ ವಿರಾಮದವರೆಗೆ ಹೊರಗಿನ ಟಿವಿಯೇ ಗತಿ. ಇಲ್ಲಿ ಯಾರ ಪರಿಚಯವೂ ನಡೆಯದು.

ಹೊರಡುವ ಮುಂಚೆ ವೆಬ್‌ಸೈಟ್‌ನಲ್ಲಿ ಆ ದಿನದ ಕಲಾವಿದರ ಪಟ್ಟಿ ನೋಡಿ. ಗಾಯಕರಿಗೆ ಗಂಟಲು ಕೆಟ್ಟು ಬದಲಿ ಬರುವುದು ಮಾಮೂಲು, ಅದಕ್ಕೆ ಹಣ ವಾಪಸ್ ಕೊಡುವುದಿಲ್ಲ. ಒಬ್ಬರ ಹೆಸರನ್ನೇ ನೆಚ್ಚಿ ಇಷ್ಟು ದೂರ ಹೋಗಬೇಡಿ. ಕೃತಿಗಾಗಿ ಹೋಗಿ.

9. ಒಳಗೆ

ಕೂತ ಕೂಡಲೇ ಸಬ್‌ಟೈಟಲ್ ಎಲ್ಲಿದೆ ನೋಡಿಕೊಳ್ಳಿ. ವಿಯೆನ್ನಾದಲ್ಲಿ ನಿಮ್ಮ ಮುಂದೆಯೇ ಸಣ್ಣ ಪರದೆ ಇರುತ್ತದೆ, ಇಂಗ್ಲಿಷ್ ಆರಿಸಿಕೊಳ್ಳಬಹುದು. ಬೇರೆ ಕಡೆ ವೇದಿಕೆಯ ಮೇಲುಗಡೆ. ಅಂಕದ ಆರಂಭದಲ್ಲಿ ಓದಿ, ಗೊತ್ತಿರುವ ಹಾಡು ಬಂದಾಗ ಕಣ್ಣು ತೆಗೆಯಿರಿ. ಇಡೀ ಸಂಜೆ ಓದುತ್ತಾ ಕೂತರೆ ಎರಡನೇ ಹಂತದ ಶ್ರಮವೆಲ್ಲ ಹೋಯಿತು.

ಚಪ್ಪಾಳೆ ಯಾವಾಗ? ಇಟಾಲಿಯನ್ ಒಪೆರಾದಲ್ಲಿ ದೊಡ್ಡ ಹಾಡು ಮುಗಿದಾಗ, ಬ್ಯಾಲೆಯಲ್ಲಿ ಒಬ್ಬರ ನೃತ್ಯ ಮುಗಿದು ಬಾಗಿದಾಗ. ಅನುಮಾನವಿದ್ದರೆ ಮೇಲಿನ ಬಾಲ್ಕನಿಯವರು ಶುರು ಮಾಡಲಿ. ನಿಂತು ನೋಡುವವರಿಗೆ ಎಲ್ಲ ಗೊತ್ತಿರುತ್ತದೆ. ಆರ್ಕೆಸ್ಟ್ರಾ ನುಡಿಸುತ್ತಿರುವಾಗ ಪಿಸುಗುಟ್ಟುವುದೂ ಇಲ್ಲ. ಮಿಠಾಯಿಯ ಕಾಗದ ಬಿಚ್ಚುವವರಿಗೆ ಸಿಗುವ ನೋಟವನ್ನು ನಾನು ಕಂಡಿದ್ದೇನೆ. ಫೋನ್ ಸೈಲೆಂಟ್ ಸಾಲದು, ಪೂರ್ತಿ ಆರಿಸಿ. ಕತ್ತಲಲ್ಲಿ ಬೆಳಕೇ ದೊಡ್ಡ ಕಿರಿಕಿರಿ.

ಮುಗಿದ ಮೇಲೆ ಕೋಟಿನ ಕೌಂಟರಿಗೆ ಓಡಬೇಡಿ. ಕಲಾವಿದರು ಮತ್ತೆಮತ್ತೆ ತೆರೆಯ ಮುಂದೆ ಬರುತ್ತಾರೆ, ಅಷ್ಟು ಹೊತ್ತು ಚಪ್ಪಾಳೆ ನಡೆಯುತ್ತದೆ. ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಮಧ್ಯಾಹ್ನವೇ ನೋಡಿಟ್ಟುಕೊಂಡಿರಿ.

ಇಷ್ಟೆಲ್ಲ ಮಾಡಿಯೂ ಒಳಗೆ ಬೇಸರವಾದರೆ ವಿರಾಮದಲ್ಲಿ ಎದ್ದು ಬರಲು ಯಾರ ಅಪ್ಪಣೆಯೂ ಬೇಡ. ಅಂಕದ ನಡುವೆ ಏಳುವುದು ಮಾತ್ರ ಕೂಡದು, ಇಡೀ ಸಾಲು ಎದ್ದು ದಾರಿ ಕೊಡಬೇಕಾಗುತ್ತದೆ. ಒಪೆರಾ ಹಿಡಿಸದೆ ಎದ್ದು ಬಂದು, ಮರುದಿನ ಜಿಝೆಲ್ ನೋಡಿ ಬ್ಯಾಲೆಗೆ ಬಿದ್ದವರು ಹಲವರಿದ್ದಾರೆ. ಆದ್ದರಿಂದ ನಾಲ್ಕು ದಿನದ ಪ್ರವಾಸದಲ್ಲಿ ಎರಡೂ ಬೇರೆಬೇರೆ ಸಂಜೆಗೆ ಇರಲಿ, ಒಪೆರಾ ಮೊದಲು, ಬ್ಯಾಲೆ ಆಮೇಲೆ.